ಟ್ಯಾಂಕಿನ ಉಸಿರು, ಇದ್ದಿಲಿನ ಡಬ್ಬಿ

ಮೇ ತಿಂಗಳ ಮಧ್ಯಾಹ್ನ. ಗಜೇಂದ್ರಗಡದ ಹತ್ತಿರ ಕಾಲಕಾಲೇಶ್ವರನ ಬೆಟ್ಟದ ಬುಡದಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರು ಬಂದು ನಿಂತಿದೆ. ರೋಣದಿಂದ ಬಂದ ಮನೆಮಂದಿ ಬುತ್ತಿಗಂಟು ಹಿಡಿದು ಮೆಟ್ಟಿಲು ಹತ್ತಿದ್ದಾರೆ. ದೇವರ ದರ್ಶನ, ಬಂಡೆಯ ಸಂದಿನಿಂದ ತೊಟ್ಟಿಕ್ಕುವ ಅಂತರಗಂಗೆಯ ನೀರು, ಆಮೇಲೆ ತಂಪು ನೋಡಿ ಕೂತು ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅವರು ಕೆಳಗಿಳಿಯುವ ಹೊತ್ತಿಗೆ ಎರಡು ತಾಸು ಸರಿದಿರುತ್ತದೆ.

ಅಷ್ಟು ಹೊತ್ತೂ ಕಾರು ಸುಮ್ಮನೆ ನಿಂತಿತ್ತು ಎಂದೇ ನೋಡಿದವರು ಹೇಳುತ್ತಾರೆ. ಆದರೆ ಹಿಂದಿನ ಸೀಟಿನ ಅಡಿಯ ಟ್ಯಾಂಕಿನಲ್ಲಿ ಅದೇ ಎರಡು ತಾಸು ದೊಡ್ಡ ಗದ್ದಲ ನಡೆದಿರುತ್ತದೆ. ಮೇಲೆ ಬಿಸಿಲು, ಕೆಳಗೆ ಕಾದ ನೆಲ, ಪಕ್ಕದಲ್ಲಿ ಈಗಷ್ಟೇ ಓಡಿ ಬಂದ ಸೈಲೆನ್ಸರ್ ಕೊಳವೆಯ ಕಾವು. ಪೆಟ್ರೋಲ್ ಬಿಸಿಯೇರುತ್ತದೆ, ಆವಿಯಾಗುತ್ತದೆ, ಆವಿಗೆ ಜಾಗ ಸಾಲದೆ ಹೊರಗೆ ಹೋಗಲು ದಾರಿ ಹುಡುಕುತ್ತದೆ. ಆ ದಾರಿಯ ತುದಿಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಕೂತಿದೆ. ಒಳಗೆ ಇದ್ದಿಲು. ಈ ಭಾಷಣ ಆ ಡಬ್ಬಿಯ ಕುರಿತು.

ಕಾರು ಕೊಂಡವರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ಕಂಡಿರುವುದಿಲ್ಲ. ಬಾನೆಟ್ ಎತ್ತಿದಾಗ ಬ್ಯಾಟರಿ ಕಾಣುತ್ತದೆ, ರೇಡಿಯೇಟರ್ ಕಾಣುತ್ತದೆ, ಎಣ್ಣೆ ಅಳೆಯುವ ಕಡ್ಡಿ ಕಾಣುತ್ತದೆ. ಇದ್ದಿಲಿನ ಡಬ್ಬಿ ಕೆಲವು ಕಾರುಗಳಲ್ಲಿ ಇಂಜಿನ್ ಪಕ್ಕದ ಮೂಲೆಯಲ್ಲಿ, ಕೆಲವದರಲ್ಲಿ ಹಿಂದೆ ಟ್ಯಾಂಕಿನ ಹತ್ತಿರ ಅವಿತಿರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ಕ್ಯಾನಿಸ್ಟರ್. ಮೂರು ಕೊಳವೆಗಳು ಅದಕ್ಕೆ ಸೇರುತ್ತವೆ. ಒಂದು ಟ್ಯಾಂಕಿನಿಂದ ಆವಿ ತರುವುದು, ಒಂದು ಇಂಜಿನ್ನಿನ ಕಡೆ ಆವಿ ಒಯ್ಯುವುದು, ಮೂರನೆಯದು ಹೊರಗಿನ ಗಾಳಿಗೆ ತೆರೆದದ್ದು.

ಪೆಟ್ರೋಲ್ ನೋಡಲು ಒಂದೇ ದ್ರವ, ಒಳಗೆ ಮಾತ್ರ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಸಂತೆ. ಕೆಲವು ಭಾರದವು, ನೂರೈವತ್ತು ಡಿಗ್ರಿ ಕಾಯಿಸಿದರೂ ಜಪ್ಪೆನ್ನುವುದಿಲ್ಲ. ಕೆಲವು ಬಹಳ ಹಗುರ. ಬ್ಯೂಟೇನ್ ಸೊನ್ನೆ ಡಿಗ್ರಿಗಿಂತ ತುಸು ಕೆಳಗೇ ಕುದಿಯುತ್ತದೆ, ಪೆಂಟೇನ್ 36 ಡಿಗ್ರಿಗೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರೋಣ, ನರಗುಂದ, ಗಜೇಂದ್ರಗಡದ ಎರೆಭೂಮಿಯಲ್ಲಿ ಗಾಳಿಯ ಬಿಸಿಯೇ 40 ಡಿಗ್ರಿಯ ಆಸುಪಾಸು ಇರುತ್ತದೆ. ಭಾರದ ಅಣುಗಳ ಜೊತೆ ಬೆರೆತಿರುವುದರಿಂದ ಈ ಹಗುರ ಅಣುಗಳು ಅನ್ನದ ಎಸರಿನ ಹಾಗೆ ಕೊತಕೊತ ಕುದಿಯಲಾರವು. ಆದರೆ ಒಂದೊಂದಾಗಿ ದ್ರವವನ್ನು ಬಿಟ್ಟು ಮೇಲೇಳುತ್ತಲೇ ಇರುತ್ತವೆ. ಪೆಟ್ರೋಲಿನ ಈ ಚಪಲವನ್ನು ಅಳೆಯಲು ರೀಡ್ ಆವಿಯೊತ್ತಡ ಎಂಬ ಅಳತೆ ಇದೆ. ಪ್ರಯೋಗಾಲಯದಲ್ಲಿ ಅದನ್ನು ಅಳೆಯುವುದು 37.8 ಡಿಗ್ರಿಯಲ್ಲಿ. ಪ್ರಯೋಗಾಲಯ ಗೊತ್ತುಮಾಡಿಕೊಂಡ ಆ ಬಿಸಿ ನಮ್ಮ ಈ ಮೂರು ತಾಲ್ಲೂಕುಗಳಿಗೆ ಬೇಸಿಗೆಯ ದಿನದ ಮಾತು.

ಇದನ್ನು ಕಣ್ಣಿನಿಂದ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಪಂಪಿನಿಂದ ದೂರದ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯ ಮುಂದೆ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಟ್ಟು ಮಾರುವುದನ್ನು ಎಲ್ಲರೂ ಬಲ್ಲರು. ಅದು ಕಾಯಿದೆಗೆ ವಿರುದ್ಧ, ಅಪಾಯವೂ ಹೌದು. ಬೆಳಿಗ್ಗೆ ಸೊಟ್ಟ ಸೊಟ್ಟಗಿದ್ದ ಅದೇ ಬಾಟಲಿ ಮಧ್ಯಾಹ್ನದ ಬಿಸಿಲಿಗೆ ಹಲಗೆಯ ಹಾಗೆ ಬಿಗಿದುಕೊಂಡಿರುತ್ತದೆ. ಬೂಚು ತಿರುವಿದೊಡನೆ ಬುಸ್ ಎಂದು ಹಾರುವುದು ಆವಿ. ಅದು ಗಾಳಿಗಿಂತ ಭಾರ, ಆದ್ದರಿಂದ ಮೇಲೆ ಹಾರಿಹೋಗದೆ ನೆಲಕ್ಕೆ ಇಳಿದು, ಅಂಗಡಿಯ ಕಟ್ಟೆಯ ಕೆಳಗೆ ಹರಡಿ ಕೂರುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಒಂದೂವರೆಯಷ್ಟಾದರೂ ಸಾಕು, ಒಂದು ಬೀಡಿಯ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಡೀಸೆಲ್ಲಿಗೆ ಈ ಚಾಳಿಯಿಲ್ಲ. ಹೊಲದ ಟ್ರ್ಯಾಕ್ಟರಿನಲ್ಲಾಗಲಿ, ವಾಯವ್ಯ ಸಾರಿಗೆಯ ಡೀಸೆಲ್ ಬಸ್ಸಿನಲ್ಲಾಗಲಿ ಇದ್ದಿಲಿನ ಡಬ್ಬಿ ಸಿಗುವುದಿಲ್ಲ. ಡೀಸೆಲ್ಲಿನ ಅಣುಗಳು ಭಾರದವು, ಬಿಸಿಲಿಗೆ ಸುಲಭವಾಗಿ ಏಳುವುದಿಲ್ಲ.

ಹಿಂದಿನ ಕಾರುಗಳಲ್ಲಿ ಆವಿಗೆ ಯಾವ ತಡೆಯೂ ಇರಲಿಲ್ಲ. ಟ್ಯಾಂಕಿಗೆ ಗಾಳಿ ಹೋಗಿಬರಲು ನೇರ ದಾರಿ ಬಿಡುತ್ತಿದ್ದರು, ಬೈಕಿನಲ್ಲಿ ಮುಚ್ಚಳಕ್ಕೇ ಸಣ್ಣ ತೂತು. ಕಾರ್ಬ್ಯುರೇಟರಿನ ಬಟ್ಟಲಂತೂ ಇಂಜಿನ್ ಬಂದ್ ಮಾಡಿದ ಮೇಲೆ ಇಂಜಿನ್ನಿನ ಕಾವಿಗೆ ಕಾದು ಒಳಗಿನ ಪೆಟ್ರೋಲಿನಲ್ಲಿ ಒಂದಿಷ್ಟನ್ನು ಗಾಳಿಗೆ ಬಿಡುತ್ತಿತ್ತು. ಬೇಸಿಗೆಯಲ್ಲಿ ಹಳೆಯ ಅಂಬಾಸಿಡರ್ ನಿಂತ ಕಡೆ ಹೋದವರಿಗೆ ಆ ವಾಸನೆ ನೆನಪಿರುತ್ತದೆ. ಕೆಲವರಿಗೆ ಅದು ಇಷ್ಟವೂ ಆಗುತ್ತಿತ್ತು. ಆ ವಾಸನೆಯಲ್ಲಿ ಬೆಂಝೀನ್ ಇತ್ತು ಎಂಬುದು, ಬೆಂಝೀನ್ ರಕ್ತದ ಕ್ಯಾನ್ಸರಿಗೆ ಕಾರಣ ಎಂಬುದು ಆಗ ಊರ ಮಂದಿಗೆ ಗೊತ್ತಿರಲಿಲ್ಲ.

ಆವಿಯನ್ನು ಹಿಡಿಯಬೇಕು ಎಂಬ ಯೋಚನೆ ಹುಟ್ಟಿದ್ದು ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ. ಕೇಡು ಹೊಲದಲ್ಲೂ ಕಂಡಿತ್ತು ಎಂಬುದು ನಮ್ಮ ಕಡೆಯವರು ಗಮನಿಸಬೇಕಾದ ಮಾತು. 1940ರ ದಶಕದಲ್ಲಿ ಆ ಊರಿನ ಸುತ್ತ ಸೊಪ್ಪು ತರಕಾರಿಯ ಎಲೆಗಳು ಬೆಳ್ಳಗೆ ಬಣ್ಣಗೆಟ್ಟು ಸುಟ್ಟಂತಾಗತೊಡಗಿದವು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಆರಿ ಹಾಗೆನ್‌ಸ್ಮಿಟ್ ಎಂಬ ರಸಾಯನ ವಿಜ್ಞಾನಿ, ಅದುವರೆಗೆ ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದವರು, ಊರ ಮೇಲೆ ಕವಿಯುತ್ತಿದ್ದ ಮಬ್ಬನ್ನು ಕೈಗೆತ್ತಿಕೊಂಡರು. ಪೆಟ್ರೋಲ್ ಆವಿ, ಇಂಜಿನ್ ಹೊಗೆಯ ನೈಟ್ರೋಜನ್ ಆಕ್ಸೈಡ್, ಇವೆರಡರ ಮೇಲೆ ಬಿಸಿಲು ಬಿದ್ದರೆ ಓಜೋನ್ ಹುಟ್ಟುತ್ತದೆ ಎಂದು 1950ರ ದಶಕದ ಮೊದಲ ವರ್ಷಗಳಲ್ಲಿ ತೋರಿಸಿಕೊಟ್ಟರು. ಪಾಲಕ್, ಬೀಟ್‌ರೂಟ್, ಕುದುರೆ ಮಸಾಲೆ ಮೇವು, ಇಂಥ ಗಿಡಗಳನ್ನು ಕೋಣೆಯಲ್ಲಿಟ್ಟು ಆ ಗಾಳಿ ಬಿಟ್ಟಾಗ ಎಲೆಗಳ ಮೇಲೆ ಹೊಲದಲ್ಲಿ ಕಂಡ ಕಲೆಗಳೇ ಮೂಡಿದವು. ಆಕಾಶದ ಮೇಲುಪದರದಲ್ಲಿ ನಮ್ಮನ್ನು ಕಾಯುವ ಓಜೋನ್, ನೆಲದ ಹತ್ತಿರ ಹುಟ್ಟಿದರೆ ಎಲೆಯನ್ನೂ ಶ್ವಾಸಕೋಶವನ್ನೂ ಸುಡುತ್ತದೆ.

ಅಲ್ಲಿಂದ 1970ರ ಹೊತ್ತಿಗೆ ಕ್ಯಾಲಿಫೋರ್ನಿಯದ ಹೊಸ ಕಾರುಗಳಿಗೆ, ಮರುವರ್ಷ ಇಡೀ ಅಮೆರಿಕದ ಕಾರುಗಳಿಗೆ ಆವಿ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಮೊದಮೊದಲು ಕೆಲವರು ಆವಿಯನ್ನು ಇಂಜಿನ್ನಿನ ಕೆಳಗಿನ ಎಣ್ಣೆಯ ಪೆಟ್ಟಿಗೆಗೇ ತುಂಬಿಸಿ ನೋಡಿದರು. ಕೊನೆಗೆ ಗೆದ್ದದ್ದು ಇದ್ದಿಲು.

ಭಾರತದಲ್ಲಿ 1990ರ ದಶಕದ ನಿಯಮಗಳಲ್ಲೇ ಪೆಟ್ರೋಲ್ ಕಾರುಗಳ ಆವಿಗೆ ಮಿತಿ ಬಂತು. ಕಾರನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ, ಒಳಗೆ ಒಟ್ಟುಗೂಡಿದ ಆವಿಯನ್ನು ಅಳೆಯುತ್ತಾರೆ. ಒಂದು ಪರೀಕ್ಷೆಗೆ 2 ಗ್ರಾಂ ದಾಟುವಂತಿಲ್ಲ. ಪುಣೆಯ ಎಆರ್‌ಎಐಯಂಥ ವಾಹನ ಸಂಶೋಧನಾ ಸಂಸ್ಥೆಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ತಡೆಯೇ ಇಲ್ಲದ ಹಳೆಯ ಕಾರು ಒಂದು ಬಿಸಿಲ ದಿನಕ್ಕೆ ಹತ್ತಾರು ಗ್ರಾಂ ಬಿಡುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟರೆ ಆ 2 ಗ್ರಾಮಿನ ಬೆಲೆ ತಿಳಿಯುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಯುರೋಪಿನಲ್ಲಿ ರೂಢಿಯಲ್ಲಿರುವ ಪರೀಕ್ಷೆಯಲ್ಲಿ ಹಗಲು ರಾತ್ರಿಯ ಲೆಕ್ಕಕ್ಕೆ ಕೋಣೆಯನ್ನು 20ರಿಂದ 35 ಡಿಗ್ರಿಗೆ ಏರಿಸಿ ಇಳಿಸುತ್ತಾರೆ. ಗಜೇಂದ್ರಗಡದ ಮಾರ್ಚ್ ತಿಂಗಳೇ 35ನ್ನು ದಾಟುತ್ತದೆ. ಇಂಥ ಪರೀಕ್ಷೆಯಲ್ಲಿ ಪಾಸಾದ ಡಬ್ಬಿ ಇಲ್ಲಿನ ಬೇಸಿಗೆಯಲ್ಲಿ ಪರೀಕ್ಷೆಗಿಂತ ಕಷ್ಟದ ಕೆಲಸ ಮಾಡುತ್ತಿರುತ್ತದೆ. ಅಂದಮೇಲೆ ಅದನ್ನು ಜೋಪಾನ ಮಾಡುವ ಹೊಣೆಯೂ ಇಲ್ಲಿಯವರಿಗೆ ಹೆಚ್ಚು.

ಇದ್ದಿಲು ಆವಿಯನ್ನು ಹಿಡಿಯುವ ಬಗೆ ಚೆಂದ. ಅರಿವೆ ನೀರು ಹೀರಿದ ಹಾಗೆ ಅದು ಒಳಗೆ ಎಳೆದುಕೊಳ್ಳುವುದಿಲ್ಲ. ಹತ್ತಿಯ ಸುಗ್ಗಿಯಲ್ಲಿ ನರಗುಂದದ ಕಡೆ ಹೋದವರು ರಸ್ತೆಬದಿಯ ಜಾಲಿಗಿಡಗಳನ್ನು ನೋಡಿರುತ್ತಾರೆ. ಹತ್ತಿ ಹೇರಿದ ಟ್ರ್ಯಾಕ್ಟರುಗಳು ಹಾದುಹೋದ ಮೇಲೆ ಮುಳ್ಳು ಮುಳ್ಳಿಗೂ ಬಿಳಿ ಎಳೆ ಸಿಕ್ಕಿಕೊಂಡಿರುತ್ತದೆ. ಗಿಡ ಹತ್ತಿಯನ್ನು ನುಂಗಿಲ್ಲ, ಮೈಮೇಲೆ ತಡೆದು ನಿಲ್ಲಿಸಿದೆ. ಜೋರು ಗಾಳಿ ಬೀಸಿದರೆ ಆ ಎಳೆ ಬಿಡಿಸಿಕೊಂಡು ಹಾರಿಹೋಗುತ್ತದೆ. ಇದ್ದಿಲಿನ ಕಥೆಯೂ ಅದೇ. ಪೆಟ್ರೋಲ್ ಆವಿಯ ಅಣುಗಳು ಅದರ ಮೈಗೆ ಅಂಟಿ ಕೂರುತ್ತವೆ, ಶುದ್ಧ ಗಾಳಿ ಹಾಯಿಸಿದರೆ ಬಿಡಿಸಿಕೊಂಡು ಹೋಗುತ್ತವೆ.

ಅಂಟಲು ಮೈ ಬೇಕು. ಮರವನ್ನೋ ತೆಂಗಿನ ಚಿಪ್ಪನ್ನೋ ಸುಟ್ಟು, ಹಬೆ ಅಥವಾ ಆಮ್ಲದಿಂದ ಅದರೊಳಗೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ತೂತು ಕೊರೆದು ಈ ಇದ್ದಿಲನ್ನು ಹದ ಮಾಡುತ್ತಾರೆ. ಒಳ್ಳೆಯ ಇದ್ದಿಲಾದರೆ ಒಂದು ಗ್ರಾಮಿನೊಳಗೆ ಬಿಚ್ಚಿ ಹಾಸಬಹುದಾದ ಮೈ ಸುಮಾರು ಸಾವಿರ ಚದರ ಮೀಟರ್. ಅಂದರೆ ನಾಲ್ಕು ಗ್ರಾಮಿಗೆ ಒಂದು ಎಕರೆ. ಡಬ್ಬಿಯಲ್ಲಿ ಅರ್ಧ ಕಿಲೋ ಇದ್ದಿಲಿದ್ದರೆ ನೂರಿಪ್ಪತ್ತಕ್ಕೂ ಹೆಚ್ಚು ಎಕರೆ. ನಾಲ್ಕೆಕರೆಗೆ ಒಂದು ಕೂರಿಗೆ ಎಂದು ಎಣಿಸುವ ಈ ಸೀಮೆಯ ರೈತರ ಲೆಕ್ಕದಲ್ಲಿ ಮೂವತ್ತು ಕೂರಿಗೆ ಹೊಲ ಒಂದು ಡಬ್ಬಿಯೊಳಗೆ ಮಡಚಿ ಕೂತ ಹಾಗೆ.

ಎಷ್ಟೇ ದೊಡ್ಡ ಹೊಲವಾದರೂ ತುಂಬಲೇಬೇಕಲ್ಲ. ತುಂಬಿದ ಡಬ್ಬಿಯನ್ನು ಖಾಲಿ ಮಾಡುವುದು ಇಂಜಿನ್ನಿನ ಕೆಲಸ. ಕಾಲಕಾಲೇಶ್ವರದಿಂದ ಇಳಿದ ಮನೆಮಂದಿ ಕಾರು ಚಾಲೂ ಮಾಡಿ ಸೂಡಿಯ ಹಾದಿ ಹಿಡಿದರೆನ್ನಿ. ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಸದಾ ಒಂದು ಸೆಳೆತ ಇರುತ್ತದೆ. ಇಂಜಿನ್ ಹದವಾಗಿ ಬಿಸಿಯಾದ ಮೇಲೆ ಕಾರಿನ ಕಂಪ್ಯೂಟರ್ ಪರ್ಜ್ ವಾಲ್ವ್ ಎಂಬ ಬೆರಳುದ್ದದ ವಿದ್ಯುತ್ ಕವಾಟಕ್ಕೆ ಆಜ್ಞೆ ಕೊಡುತ್ತದೆ. ಅದು ಪೂರ್ತಿ ಬಾಯಿ ತೆರೆಯುವುದಿಲ್ಲ. ಸೆಕೆಂಡಿಗೆ ಹಲವು ಸಲ ತೆರೆದು ಮುಚ್ಚುತ್ತ ಆವಿಯನ್ನು ಗುಟುಕು ಗುಟುಕಾಗಿ ಬಿಡುತ್ತದೆ. ಆಗ ಹೊರಗಿನ ಗಾಳಿ ಮೂರನೆಯ ಕೊಳವೆಯಿಂದ ಡಬ್ಬಿಯೊಳಗೆ ನುಗ್ಗಿ, ಇದ್ದಿಲಿಗೆ ಅಂಟಿದ ಆವಿಯನ್ನು ಬಿಡಿಸಿಕೊಂಡು ಇಂಜಿನ್ನಿಗೆ ಒಯ್ಯುತ್ತದೆ. ಮಧ್ಯಾಹ್ನ ಬೆಟ್ಟದ ಬುಡದಲ್ಲಿ ಹಾರಿಹೋಗಬೇಕಿದ್ದ ಪೆಟ್ರೋಲ್ ಸಂಜೆ ಸೂಡಿಯ ರಸ್ತೆಯಲ್ಲಿ ಚಕ್ರ ತಿರುಗಿಸುತ್ತದೆ.

ಬಾನೆಟ್ ಎತ್ತಿ, ಕಾದ ಇಂಜಿನ್ನನ್ನು ಓಡಲು ಬಿಟ್ಟು ಕಿವಿಗೊಟ್ಟರೆ ಟಕ್ ಟಕ್ ಟಕ್ ಎಂಬ ಸಣ್ಣ ಸದ್ದು ಕೇಳುವುದುಂಟು. ವಾಲ್ವಿನ ಮೇಲೆ ಬೆರಳಿಟ್ಟರೆ ನಾಡಿಯ ಹಾಗೆ ಮಿಡಿಯುತ್ತದೆ. ಏನೋ ಕೆಟ್ಟಿತೆಂದು ಆ ಸದ್ದಿಗೆ ಹೆದರಿ ಗ್ಯಾರೇಜಿಗೆ ಓಡಿದವರೂ ಇದ್ದಾರೆ.

ಹೀಗೆ ಹೆಚ್ಚುವರಿಯಾಗಿ ಬಂದ ಆವಿಯಿಂದ ಇಂಜಿನ್ನಿಗೆ ಅಜೀರ್ಣವಾಗದಂತೆ ನೋಡಿಕೊಳ್ಳಲು ಸೈಲೆನ್ಸರ್ ಕೊಳವೆಯಲ್ಲಿ ಆಮ್ಲಜನಕದ ಸೆನ್ಸರ್ ಕಾವಲಿದೆ. ಹೊಗೆಯಲ್ಲಿ ಆಮ್ಲಜನಕ ಕಡಿಮೆಯಾದರೆ ಪೆಟ್ರೋಲ್ ಹೆಚ್ಚಾಯಿತೆಂದು ಅದು ತಿಳಿಸುತ್ತದೆ, ಕಂಪ್ಯೂಟರ್ ಇಂಜೆಕ್ಟರಿನಿಂದ ಬರುವ ಪಾಲನ್ನು ಅಷ್ಟೇ ತಗ್ಗಿಸುತ್ತದೆ. ಆವಿಯಾಗಿ ಬಂದದ್ದಕ್ಕೆ ಮೈಲೇಜಿನಲ್ಲಿ ಲೆಕ್ಕ ಸಿಗುತ್ತದೆ.

ಓಡಿದರೆ ಮಾತ್ರ ಡಬ್ಬಿ ಚೆನ್ನಾಗಿ ಖಾಲಿಯಾಗುವುದು. ತಿಂಗಳೆಲ್ಲ ಅಂಗಳದ ಬಿಸಿಲಲ್ಲಿ ನಿಂತು ಅಮಾವಾಸ್ಯೆಗೊಮ್ಮೆ ಗುಡಿಗೆ ಹೋಗಿಬರುವ ಕಾರಿನ ಇದ್ದಿಲು ದಿನದಿನವೂ ಆವಿ ಉಣ್ಣುತ್ತಲೇ ಹೋಗುತ್ತದೆ, ಬಿಟ್ಟುಕೊಡಲು ಸಾಕಷ್ಟು ಅವಕಾಶ ಸಿಗುವುದಿಲ್ಲ. ಒಂದು ಹಂತ ದಾಟಿದ ಮೇಲೆ ಆವಿ ಮೂರನೆಯ ಕೊಳವೆಯಿಂದಲೇ ಹೊರಬೀಳುತ್ತದೆ. ಬಜಾರಕ್ಕೆ ಹೋಗಿ ಐದು ನಿಮಿಷಕ್ಕೆ ಮರಳುವ ಓಡಾಟವೂ ಸಾಲದು, ಇಂಜಿನ್ ಬಿಸಿಯಾಗುವ ಮೊದಲೇ ಬಂದ್ ಆಗುತ್ತದೆ. ಒಂದು ಗಿಡದ ನೆರಳು, ಒಂದು ತಗಡಿನ ಶೆಡ್ಡು, ವಾರಕ್ಕೊಮ್ಮೆ ರೋಣದಿಂದ ಹೊಳೆಆಲೂರಿನಷ್ಟು ದೂರದ ಓಟ, ಇಷ್ಟರಲ್ಲಿ ಬಹಳ ಕೆಲಸ ಆಗುತ್ತದೆ.

ಈಗ ಪೆಟ್ರೋಲ್ ಪಂಪಿಗೆ ಬರಬೇಕು. ಈ ಸೀಮೆಯಲ್ಲಿ ಇದ್ದಿಲಿನ ಡಬ್ಬಿಗೆ ಬರುವ ದೊಡ್ಡ ಗಂಡಾಂತರ ಅಲ್ಲೇ ಇದೆ.

ಪಂಪಿನ ನಳಿಕೆಯ ತುದಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ಪೆಟ್ರೋಲ್ ರಭಸದಿಂದ ಹರಿಯುವಾಗ ಆ ತೂತು ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಟ್ಯಾಂಕು ತುಂಬಿ ಪೆಟ್ರೋಲ್ ಕುತ್ತಿಗೆಗೆ ಏರಿ ತೂತನ್ನು ಮುಚ್ಚಿದ ಗಳಿಗೆಗೆ ಗಾಳಿ ನಿಲ್ಲುತ್ತದೆ, ಒಳಗಿನ ಸೆಳೆತ ಹೆಚ್ಚುತ್ತದೆ, ಕೊಂಡಿ ಕಳಚಿ ಟಪ್ ಎಂದು ಹಿಡಿಕೆ ಬಿಟ್ಟುಕೊಳ್ಳುತ್ತದೆ. ಇದಕ್ಕೆ ವಿದ್ಯುತ್ತೂ ಬೇಕಿಲ್ಲ, ಕಂಪ್ಯೂಟರೂ ಬೇಕಿಲ್ಲ. ಟ್ಯಾಂಕಿನ ಒಳಗೂ ಒಂದು ತೇಲುಗುಂಡಿನ ವಾಲ್ವ್ ಅದೇ ಹೊತ್ತಿಗೆ ಬಾಯಿ ಮುಚ್ಚಿರುತ್ತದೆ. ಟ್ಯಾಂಕಿನ ಮೇಲ್ಭಾಗದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಜಾಗ ಖಾಲಿ ಉಳಿಯಲಿ ಎಂದೇ ಈ ಏರ್ಪಾಡು.

ಆಗ ಪಂಪಿನಲ್ಲಿ ನಡೆಯುವ ಮಾತು ಎಲ್ಲರಿಗೂ ಪರಿಚಿತ.

"ಕಟ್ ಆತ್ರಿ ಕಾಕಾ."

"ಇನ್ನೊಂದೀಟು ಹಿಡೀಪಾ ತಮ್ಮಾ, ಬಾಯಿಮಟ ಬರ್ಲಿ. ಎರಡ್ ಸಾವ್ರಕ್ಕ ರೌಂಡ್ ಮಾಡು."

ಹುಡುಗ ಕಾರನ್ನು ಅಲುಗಾಡಿಸುತ್ತಾನೆ, ನಳಿಕೆಯನ್ನು ತುಸು ಹೊರಗೆಳೆದು ಚೂರು ಚೂರಾಗಿ ಒತ್ತುತ್ತಾನೆ, ಪೆಟ್ರೋಲ್ ಕುತ್ತಿಗೆಯಲ್ಲಿ ಮಿನುಗುತ್ತದೆ. ದೂರದ ಊರು, ನಡುವೆ ಪಂಪಿಲ್ಲ, ಕೊಟ್ಟ ದುಡ್ಡಿಗೆ ಚಿಲ್ಲರೆ ಬೇಡ. ಕಾಕಾನ ಕಾರಣಗಳು ಕಾರಣಗಳೇ. ಆದರೆ ಪೆಟ್ರೋಲ್ ಕಾದರೆ ಹಿಗ್ಗುತ್ತದೆ, ಡಿಗ್ರಿಗೆ ಸುಮಾರು ಸಾವಿರದಲ್ಲೊಂದು ಪಾಲು. ನೆಲದಡಿಯ ತಂಪು ಟ್ಯಾಂಕಿಯಿಂದ ಬಂದ 35 ಲೀಟರ್, ಕಾರಿನಲ್ಲಿ 15 ಡಿಗ್ರಿ ಹೆಚ್ಚು ಕಾದರೆ ಅರ್ಧ ಲೀಟರಿನಷ್ಟು ಉಬ್ಬುತ್ತದೆ. ಖಾಲಿ ಜಾಗವನ್ನೂ ತುಂಬಿಬಿಟ್ಟ ಮೇಲೆ ಆ ಅರ್ಧ ಲೀಟರ್ ಎಲ್ಲಿಗೆ ಹೋಗಬೇಕು? ಆವಿಯ ಕೊಳವೆಗೆ ನುಗ್ಗುತ್ತದೆ, ಅಲ್ಲಿಂದ ಡಬ್ಬಿಗೆ. ಆವಿ ಹಿಡಿಯಲು ಹದ ಮಾಡಿದ ಇದ್ದಿಲು ದ್ರವ ಪೆಟ್ರೋಲಿನಲ್ಲಿ ನೆನೆದರೆ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ. ಮತ್ತೆ ಮತ್ತೆ ನೆನೆದರೆ ಅದು ಮೊದಲಿನ ಕಸುವಿಗೆ ಮರಳುವುದಿಲ್ಲ. ಕೆಲವು ಸಲ ಕಾಳುಗಳು ಪುಡಿಯಾಗಿ ಕೊಳವೆ ಹಿಡಿದು ಪರ್ಜ್ ವಾಲ್ವಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಆಮೇಲೆ ವಾಲ್ವ್ ಮುಚ್ಚುವುದೇ ಇಲ್ಲ.

ಅಂಥ ಕಾರು ಗ್ಯಾರೇಜಿಗೆ ಬಂದಾಗ ಹೇಳಿಕೆ ಒಂದೇ ನಮೂನೆ. "ಪೆಟ್ರೋಲ್ ಹಾಕಿಸಿದ ಕೂಡ್ಲೇ ಗಾಡಿ ಲಗೂನ ಚಾಲೂ ಆಗಂಗಿಲ್ರಿ, ಆಮ್ಯಾಲ ನಿಂತಲ್ಲೇ ಗಡಗಡ ಅಂತೈತ್ರಿ." ಅನುಭವಸ್ಥ ಮಿಸ್ತ್ರಿ ಬ್ಯಾಟರಿಗೂ ಪ್ಲಗ್ಗಿಗೂ ಕೈ ಹಾಕುವ ಮೊದಲು ಕೇಳುವುದು, "ಫುಲ್ ಮಾಡಸ್ತೀರೇನ್ರಿ?" ಇಂಜಿನ್ ಬಂದ್ ಮಾಡಿ, ಪರ್ಜ್ ವಾಲ್ವನ್ನು ಬಿಚ್ಚಿ ತೆಗೆದು, ಗಾಳಿ ಹಾಯಿಸಿ ನೋಡುತ್ತಾನೆ. ಕರೆಂಟಿಲ್ಲದಾಗ ವಾಲ್ವ್ ಗಾಳಿ ಬಿಡಬಾರದು. ಬಿಟ್ಟರೆ ಅದರ ಕಾಲ ಮುಗಿಯಿತು. ಬಾಯಿ ತೆರೆದೇ ಉಳಿದ ವಾಲ್ವಿನಿಂದ ಚಾಲೂ ಮಾಡುವಾಗಲೇ ಆವಿ ಇಂಜಿನ್ನಿಗೆ ನುಗ್ಗಿ ಉಸಿರುಗಟ್ಟಿಸುತ್ತದೆ. ಟ್ಯಾಂಕು ತುಂಬಿಸಿದಾಗ ಆವಿ ದಟ್ಟವಾಗಿರುವುದರಿಂದ ಆಗಲೇ ತೊಂದರೆ ಎದ್ದು ಕಾಣುತ್ತದೆ. ಮೀಟರಿನ ಮೇಲೆ ಇಂಜಿನ್ ಲೈಟು ಹತ್ತುವುದೂ ಉಂಟು. ವಾಲ್ವ್ ಬದಲಿಸುವುದು ಸಣ್ಣ ಕೆಲಸ. ನೆನೆದುಹೋದ ಡಬ್ಬಿಯನ್ನು ಬದಲಿಸುವುದು ಅಷ್ಟು ಅಗ್ಗವಲ್ಲ.

ಪಂಪಿನ ಹುಡುಗನ ಬಗೆಗೂ ಒಂದು ಮಾತು. ಟ್ಯಾಂಕಿಗೆ 35 ಲೀಟರ್ ಪೆಟ್ರೋಲ್ ಇಳಿದರೆ ಅಲ್ಲಿದ್ದ 35 ಲೀಟರ್ ಆವಿ ತುಂಬಿದ ಗಾಳಿ ಹೊರಬರುತ್ತದೆ, ಲೀಟರಿಗೆ ಒಂದು ಗ್ರಾಮಿಗೂ ಹೆಚ್ಚು ಪೆಟ್ರೋಲ್ ಹೊತ್ತುಕೊಂಡು, ಅವನ ಮುಖದ ನೇರಕ್ಕೆ. ಅಮೆರಿಕದಲ್ಲಿ 1998ರ ಮಾದರಿಯ ಕಾರುಗಳಿಂದ ಶುರುವಾಗಿ ಈ ಆವಿಯನ್ನೂ ಕಾರಿನೊಳಗಿನ ದೊಡ್ಡ ಡಬ್ಬಿಗೇ ತಿರುಗಿಸುವ ನಿಯಮ ಬಂತು. ನಮ್ಮ ದೇಶದ ವಾಹನ ಮಾಲಿನ್ಯ ನಿಯಮವಾದ ಭಾರತ್ ಸ್ಟೇಜ್ 6ರಲ್ಲಿ ಅದು ಕಡ್ಡಾಯವಾಗಿಲ್ಲ. ಪೆಟ್ರೋಲಿನಲ್ಲಿ ಬೆಂಝೀನ್ ನೂರಕ್ಕೆ ಒಂದು ಪಾಲು ಮೀರುವಂತಿಲ್ಲ ಎಂಬ ಮಿತಿಯೇನೋ ಇದೆ. ಆದರೆ ಮುಂಜಾನೆಯಿಂದ ಸಂಜೆಯವರೆಗೆ ನಳಿಕೆ ಹಿಡಿದು ನಿಲ್ಲುವವನಿಗೆ ಆ ಒಂದು ಪಾಲೂ ಕಡಿಮೆಯಲ್ಲ. ಕಟ್ ಆದ ಮೇಲೆ ಬಗ್ಗಿ ನೋಡುತ್ತ ಚೂರು ಚೂರು ಸುರಿಯುವಾಗ ಅವನ ಮೂಗು ಟ್ಯಾಂಕಿನ ಬಾಯಿಗೆ ಇನ್ನೂ ಹತ್ತಿರ ಬರುತ್ತದೆ. ಎರಡನೆಯ ಸಲ ಒತ್ತಿಸದೆ ಹೊರಡುವುದು ಅವನಿಗೆ ಮಾಡುವ ಉಪಕಾರವೂ ಹೌದು.

ಎರಡನೆಯ ಶತ್ರು ಧೂಳು. ಹೊರಗಾಳಿಗೆ ತೆರೆದ ಮೂರನೆಯ ಕೊಳವೆಗೆ ಈ ಸೀಮೆಯ ಎರೆಮಣ್ಣಿನ ಪುಡಿ ಹೊಕ್ಕರೆ ಟ್ಯಾಂಕಿಗೆ ಉಸಿರಾಟ ಕಷ್ಟ. ಮುಚ್ಚಳ ತಿರುವಿದಾಗ ಹಿಂದೆಂದೂ ಇಲ್ಲದ ಬುಸ್ ಸದ್ದು ಬಂದರೆ, ಟ್ಯಾಂಕು ಅರ್ಧ ಖಾಲಿ ಇದ್ದರೂ ಪಂಪಿನ ನಳಿಕೆ ಮತ್ತೆ ಮತ್ತೆ ಕಟ್ ಆದರೆ ಅನುಮಾನ ಆ ಕೊಳವೆಯ ಮೇಲೆ ಹೋಗಬೇಕು. ತಿಂಗಳುಗಟ್ಟಲೆ ನಿಂತ ಗಾಡಿಗಳ ಕೊಳವೆಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದೂ ಹೊಸತಲ್ಲ. ಇಂಥದ್ದೇ ಒಂದು ಸಂಗತಿ 2011ರಲ್ಲಿ ಅಮೆರಿಕದಲ್ಲಿ ಸುದ್ದಿಯಾಯಿತು. ಮಾಜ್ದಾ ಕಂಪನಿ ಸುಮಾರು 50 ಸಾವಿರ ಕಾರುಗಳನ್ನು ವಾಪಸು ಕರೆಸಿಕೊಂಡಿತು. ಕಾರಣ ಒಂದು ಹಳದಿ ಜೇಡ. ಅದು ಇದ್ದಿಲಿನ ಡಬ್ಬಿಯ ಗಾಳಿಕೊಳವೆಯಲ್ಲಿ ಬಲೆ ನೇಯುತ್ತಿತ್ತು. ಕೊಳವೆ ಕಟ್ಟಿದಾಗ ಇಂಜಿನ್ನಿನ ಸೆಳೆತಕ್ಕೆ ಟ್ಯಾಂಕು ಒಳಕ್ಕೆ ಕುಗ್ಗಿ ಬಿರುಕು ಬಿಡುವ ಭಯವಿತ್ತು. ಪೆಟ್ರೋಲ್ ಆವಿಯ ವಾಸನೆಯೇ ಆ ಜೇಡವನ್ನು ಎಳೆಯುತ್ತದೆ ಎಂದು ಆಗ ಹೇಳಿದರು.

ಬೈಕಿನವರು ಇದೆಲ್ಲ ಕಾರಿನವರ ಪಾಡು ಎಂದುಕೊಳ್ಳಬೇಕಿಲ್ಲ. ಭಾರತ್ ಸ್ಟೇಜ್ 4ರ ನಿಯಮ ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೆ 2017ರ ಏಪ್ರಿಲ್ 1ರಿಂದ ಅನ್ವಯಿಸಿದಾಗ ಆವಿಗೂ ಮಿತಿ ಬಂತು. 2020ರ ಏಪ್ರಿಲ್ 1ರಿಂದ ಜಾರಿಯಾದ ಸ್ಟೇಜ್ 6ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಬೈಕು ಮತ್ತು ಸ್ಕೂಟರಿನಲ್ಲಿ ಈಗ ಬೊಗಸೆಯಲ್ಲಿ ಹಿಡಿಯುವಷ್ಟು ಚಿಕ್ಕ ಇದ್ದಿಲಿನ ಡಬ್ಬಿ ಇರುತ್ತದೆ. ಕೆಲವರು ಅದನ್ನು ಬೇಡದ ಭಾರವೆಂದು ಕಿತ್ತು, ಕೊಳವೆಗೆ ಬೋಲ್ಟು ತುರುಕಿಬಿಡುತ್ತಾರೆ. ಇದು ದೊಡ್ಡ ತಪ್ಪು. ಟ್ಯಾಂಕು ಉಸಿರಾಡುವ ದಾರಿಯನ್ನೇ ಮುಚ್ಚಿದಂತಾಗಿ ಗಾಡಿ ನಡುದಾರಿಯಲ್ಲಿ ಪೆಟ್ರೋಲ್ ಸಿಗದೆ ನಿಲ್ಲುತ್ತದೆ. ಕೊಳವೆಯನ್ನು ತೆರೆದೇ ಬಿಟ್ಟರೆ ಕಾದ ಇಂಜಿನ್ನಿನ ಮಗ್ಗುಲಲ್ಲೇ ಆವಿ ಸೋರುತ್ತದೆ. ರಾತ್ರಿ ಪಡಸಾಲೆಯಲ್ಲಿ ಗಾಡಿ ನಿಲ್ಲಿಸಿ ಅದೇ ಪಡಸಾಲೆಯಲ್ಲಿ ಮಲಗುವ ಮನೆಗಳು ಈ ಊರುಗಳಲ್ಲಿ ಬೇಕಾದಷ್ಟಿವೆ. ಆವಿ ನೆಲ ಹಿಡಿದು ಹರಿಯುತ್ತದೆ, ಹಾಸಿಗೆಯೂ ನೆಲದ ಮೇಲೇ ಇರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಲೆಕ್ಕಕ್ಕೆ ಎಥನಾಲ್ ಸೇರಿದೆ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿ ಮಾರುವುದಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಕಬ್ಬು, ಗೋವಿನಜೋಳ ಬೆಳೆಯುವ ಉತ್ತರ ಕರ್ನಾಟಕಕ್ಕೆ ಅದು ಹೊಲದ ಸುದ್ದಿಯೂ ಆಗಿತ್ತು. ಒಂಟಿಯಾಗಿರುವ ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಆವಿಯಾಗುವ ಆತುರ ಅದಕ್ಕಿಲ್ಲ. ಪೆಟ್ರೋಲಿನ ಜೊತೆ ಬೆರೆತಾಗ ಮಾತ್ರ ಅದರ ನಡತೆ ಬದಲಾಗುತ್ತದೆ. ನೂರಕ್ಕೆ ಐದರಿಂದ ಹತ್ತು ಪಾಲು ಬೆರೆತಲ್ಲಿ ಮಿಶ್ರಣದ ಆವಿಯೊತ್ತಡ ಬರಿ ಪೆಟ್ರೋಲಿಗಿಂತ ಮೇಲೇರುತ್ತದೆ, ಪಾಲು ಹೆಚ್ಚಿದಂತೆ ಮತ್ತೆ ಮೆಲ್ಲಗೆ ಇಳಿಯತೊಡಗುತ್ತದೆ. ಇದಲ್ಲದೆ ಎಥನಾಲ್ ರಬ್ಬರ್ ಕೊಳವೆಗಳ ಗೋಡೆಯಿಂದ ಬೇಗ ಜಿನುಗುತ್ತದೆ. ಹೊಸ ಕಾರುಗಳ ಕೊಳವೆಗಳನ್ನು ಇದಕ್ಕೆ ತಕ್ಕ ವಸ್ತುವಿನಿಂದ ಮಾಡುತ್ತಾರೆ. ಹಳೆಯ ಕಾರು ಕೊಂಡವರು ಟ್ಯಾಂಕಿನಿಂದ ಡಬ್ಬಿಯವರೆಗಿನ ರಬ್ಬರನ್ನು ಒಮ್ಮೆ ಬೆರಳಲ್ಲಿ ಮಡಚಿ ನೋಡಬೇಕು. ಗೆರೆ ಗೆರೆಯಾಗಿ ಸೀಳಿದ್ದರೆ ಬದಲಿಸುವುದೇ ಸರಿ. ಇಲಿ ಕಡಿದ ಗುರುತನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಬಹುದು.

ಮುಚ್ಚಳದ ಮಾತು ಚಿಕ್ಕದು. ಟಕ್ ಟಕ್ ಎನ್ನುವವರೆಗೆ ತಿರುವಬೇಕು. ಕಳೆದುಹೋದ ಮುಚ್ಚಳದ ಜಾಗಕ್ಕೆ ಅರಿವೆ ತುರುಕಿ ಓಡಾಡಿದರೆ ಡಬ್ಬಿ, ವಾಲ್ವ್, ಸೆನ್ಸರ್ ಎಲ್ಲ ಇದ್ದೂ ಇಲ್ಲದ ಹಾಗೆ.

ರೋಣದ ಮನೆಮಂದಿ ಕತ್ತಲಾಗುವ ಹೊತ್ತಿಗೆ ಊರು ಸೇರಿದ್ದಾರೆ. ಹಿಂದೆ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪಗಳು ಉಳಿದಿವೆ. ದಾರಿಯುದ್ದಕ್ಕೂ ಪರ್ಜ್ ವಾಲ್ವ್ ಮಿಡಿದು ಇದ್ದಿಲನ್ನು ಬಹುಪಾಲು ಹಗುರ ಮಾಡಿದೆ. ಕಾರು ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದೆ. ನಡುರಾತ್ರಿಯ ಹೊತ್ತಿಗೆ ಎರೆಭೂಮಿಯ ಕಾವು ಇಳಿಯುತ್ತದೆ, ಟ್ಯಾಂಕೂ ತಣ್ಣಗಾಗುತ್ತದೆ. ಹಗಲೆಲ್ಲ ಹೊರಕ್ಕೆ ಉಸಿರು ಬಿಟ್ಟ ಟ್ಯಾಂಕು ಈಗ ಒಳಕ್ಕೆ ಎಳೆದುಕೊಳ್ಳತೊಡಗುತ್ತದೆ. ಹೊರಗಿನ ಗಾಳಿ ಮೂರನೆಯ ಕೊಳವೆಯಿಂದ ಬಂದು, ಇದ್ದಿಲಿನ ಮೂವತ್ತು ಕೂರಿಗೆಯನ್ನು ಹಾದು, ಅಲ್ಲಿ ಉಳಿದಿದ್ದ ಆವಿಯಲ್ಲಿ ಒಂದಿಷ್ಟನ್ನು ಹೊತ್ತುಕೊಂಡು ಟ್ಯಾಂಕಿಗೇ ಮರಳಿಸುತ್ತದೆ. ಬೆಳಿಗ್ಗೆ ಬಿಸಿಲು ಬೇವಿನ ಗಿಡ ದಾಟಿ ಬಾನೆಟ್ಟಿನ ಮೇಲೆ ಬೀಳುವ ಹೊತ್ತಿಗೆ ಡಬ್ಬಿಯಲ್ಲಿ ಮತ್ತೆ ಜಾಗವಾಗಿರುತ್ತದೆ.